ನವಮಂಗಳೂರು ಬಂದರು: ಗದ್ದೆ ಕಡಲಾದ ಕಥೆ

ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಹೊರಬರುವ ಸ್ಮರಣ ಸಂಚಿಕೆಗೆ ಏನಾದರೂ ಚರಿತ್ರೆಯ ವಿಷಯ ಬರೆದು ಕೊಡಿ ಎಂದು ಸಂಪಾದಕ ಸಮಿತಿಯವರು ಕೇಳಿದರು. ಸಂಘದ ಚರಿತ್ರೆ ಬರೆಯಲು ಸ್ಥಾಪಕ ನಿರ್ದೇಶಕರಿದ್ದಾರೆ. ದೇವಸ್ಥಾನದ ಚರಿತ್ರೆಗೆ ನಮಗಿಂತ ತಿಳಿದವರಿದ್ದಾರೆ. ಇನ್ನು ನಾವು ಬರೆಯುವುದು ಎಂಥದು ಅಂತ ಯೋಚಿಸುತ್ತಾ ಸಂಘದ ಗೋದಾಮಿನ ಜಗಲಿಯಲ್ಲಿ ಕುಳಿತಿದ್ದಾಗ ಎದುರಿಗೆ ಪೊಟ್ಯಾಷ್ ಚೀಲಗಳ ಅಟ್ಟಿ ಕಾಣಿಸಿತು. ಅಡಿಕೆ ಮರದ ಬುಡಕ್ಕೆ ನಾವು ಹಾಕುವ ಈ ಪೊಟ್ಯಾಷ್ ನಮ್ಮ ದೇಶದ ಗಣಿಯಿಂದ ಬರುವುದಲ್ಲ. ಹೆಚ್ಚುಕಡಿಮೆ ಪೂರ್ತಿಯಾಗಿ ಹೊರದೇಶದಿಂದ ಹಡಗಿನಲ್ಲಿ ಬರುವ ಸರಕು. ನಮ್ಮ ಮನೆಗಳಲ್ಲಿ ಉರಿಯುವ ಅಡುಗೆ ಅನಿಲದ ಒಂದು ಪಾಲೂ ಹಾಗೆಯೇ. ಅಂದ ಮೇಲೆ ಪಣಂಬೂರಿನ ಬಂದರಿಗೂ ನಮ್ಮ ಗ್ರಾಮಕ್ಕೂ ಲೆಕ್ಕಪತ್ರದ ಸಂಬಂಧ ಉಂಟು.

ಇನ್ನೊಂದು ಕಾರಣವೂ ಉಂಟು. ಕಳೆದ ಮಹಾಸಭೆಯ ದಿನ ಊಟದ ಪಂಕ್ತಿಯಲ್ಲಿ ನಮ್ಮ ಪಕ್ಕ ಕುಳಿತಿದ್ದವರು ಸಂಘದ ಹಿರಿಯ ಸದಸ್ಯರೊಬ್ಬರು. ಅವರ ಹಿರಿಯರದು ಪಣಂಬೂರು ಕಡೆಯ ಮನೆ. ಬಂದರಿನ ಮಾತು ಬಂದಾಗ ಅವರು ಅನ್ನ ಕಲಸುತ್ತಾ ಸಣ್ಣ ಸ್ವರದಲ್ಲಿ ಹೇಳಿದರು: “ನಮ್ಮ ಮನೆ ಇದ್ದಲ್ಲಿ ಈಗ ಹಡಗು ನಿಲ್ತದೆ ಮಾರಾಯ್ರೆ. ಮೊಮ್ಮಕ್ಕಳಿಗೆ ಬಾವಿ ಎಲ್ಲಿತ್ತು ಅಂತ ತೋರಿಸುವಾ ಅಂದ್ರೆ ನೀರೇ ನೀರು.” ಆ ಮಾತು ನಮ್ಮ ತಲೆಯಿಂದ ಹೋಗಲಿಲ್ಲ. ಆದ್ದರಿಂದ ಈ ಲೇಖನ.

ಅಳಿವೆಯ ಕಾಲ

ಮಂಗಳೂರು ಹೊಸದಾಗಿ ಬಂದರಾದ ಊರಲ್ಲ. ಆರನೇ ಶತಮಾನದ ಗ್ರೀಕ್ ವರ್ತಕ ಕಾಸ್ಮಾಸ್ ಬರೆದ ಪುಸ್ತಕದಲ್ಲಿ ‘ಮಂಗರೂತ್’ ಎಂಬ ಪೇಟೆಯ ಹೆಸರು ಬರುತ್ತದೆ. ಹನ್ನೆರಡನೇ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವ್ಯಾಪಾರಿ ಮಂಗಳೂರಿನಲ್ಲಿ ಬಹಳ ವರ್ಷ ನೆಲೆಸಿ ಏಡನ್ ಬಂದರಿನ ಜೊತೆ ವ್ಯವಹಾರ ಮಾಡುತ್ತಿದ್ದ. ಅವನ ಪರವಾಗಿ ಕಡಲು ದಾಟಿ ಹೋಗಿ ಬರುತ್ತಿದ್ದ ಆಳಿನ ಹೆಸರು ಬೊಮ್ಮ. ಈ ಹೆಸರು ನಮಗೆ ಸಿಕ್ಕಿದ್ದು ಈಜಿಪ್ಟಿನ ಕೈರೋ ನಗರದ ಹಳೆಯ ಯೆಹೂದಿ ಮಂದಿರವೊಂದರಲ್ಲಿ ಉಳಿದಿದ್ದ ಕಾಗದಪತ್ರಗಳಿಂದ. ಹದಿನಾಲ್ಕನೇ ಶತಮಾನದಲ್ಲಿ ಬಂದ ಇಬ್ನ್ ಬತೂತ, ಯೆಮನ್ ಮತ್ತು ಪರ್ಷಿಯಾದ ವರ್ತಕರನ್ನು ಇಲ್ಲಿ ಕಂಡದ್ದಾಗಿ ಬರೆದಿದ್ದಾನೆ.

ಆ ಕಾಲದ ಹಾಯಿಹಡಗುಗಳಿಗೆ ನೇತ್ರಾವತಿ ಮತ್ತು ಗುರುಪುರ ಹೊಳೆಗಳು ಸೇರಿ ಕಡಲು ಕಾಣುವ ಅಳಿವೆ ಸಾಕಾಗುತ್ತಿತ್ತು. ಹೊಳೆಯ ನೀರಿನಲ್ಲಿ ಗಾಳಿ-ಅಲೆಯ ಹೊಡೆತ ಕಡಿಮೆ, ಸರಕು ಇಳಿಸಲು ದಡ ಹತ್ತಿರ. 1865ರಲ್ಲಿ ಬಾಸೆಲ್ ಮಿಶನ್ನಿನವರು ಹಂಚಿನ ಕಾರ್ಖಾನೆ ಹಾಕಿದ ನಂತರ ಮಂಗಳೂರು ಹಂಚು ಇದೇ ಹಳೆ ಬಂದರಿನಿಂದ ದೇಶವಿದೇಶಕ್ಕೆ ಹೋಯಿತು. ಘಟ್ಟದ ಮೇಲಿನ ಕಾಫಿ ಇಲ್ಲಿಂದಲೇ ಹಡಗು ಹತ್ತಿತು. ಲಕ್ಷದ್ವೀಪದ ಮಂಜಿಗಳು ಕೊಬ್ಬರಿ, ತೆಂಗಿನ ನಾರು ತಂದು ಹಾಕಿ ಅಕ್ಕಿ, ಸಾಮಾನು ತುಂಬಿಕೊಂಡು ಹೋಗುತ್ತಿದ್ದವು.

ಆದರೆ ಅಳಿವೆಗೆ ಎರಡು ರೋಗ. ಒಂದು, ಹೊಳೆ ತಂದ ಮರಳನ್ನೂ ಕಡಲು ತಳ್ಳಿದ ಮರಳನ್ನೂ ಬಾಯಿಯಲ್ಲೇ ಇಟ್ಟುಕೊಳ್ಳುವುದು. ಇದರಿಂದ ದೊಡ್ಡ ಉಗಿಹಡಗುಗಳು ಒಳಗೆ ಬರಲಾರದೆ ಹೊರಗಡೆ ಕಡಲಿನಲ್ಲೇ ಲಂಗರು ಹಾಕಿ ನಿಲ್ಲುತ್ತಿದ್ದವು. ದಡದಿಂದ ದೋಣಿಗಳಲ್ಲಿ ಸರಕು ಒಯ್ದು ಹಡಗಿಗೆ ಏರಿಸಬೇಕು. ಅಲ್ಲಿಂದ ಇಳಿಸಿ ದೋಣಿಯಲ್ಲೇ ತರಬೇಕು. ಒಂದೇ ಮೂಟೆಗೆ ಎರಡೆರಡು ಸಲ ಕೂಲಿ. ಎರಡನೆಯ ರೋಗ ಮಳೆಗಾಲ. ಮುಂಗಾರು ಹಿಡಿದರೆ ಬಂದರು ಬಂದ್. ಆಟಿ ತಿಂಗಳಿನಲ್ಲಿ ನಮ್ಮ ಹಿರಿಯರು ಹಪ್ಪಳ, ಹುರುಳಿ ಕೂಡಿಟ್ಟು ದಿನ ದೂಡಿದ ಹಾಗೆ ಬಂದರಿನ ಕೂಲಿಯವರೂ ವ್ಯಾಪಾರಿಗಳೂ ಮಳೆ ಬಿಡುವುದನ್ನು ಕಾಯುತ್ತಿದ್ದರು.

ಕರಾವಳಿ ಸಿಕ್ಕಿತು, ಬಂದರು ಸಿಗಲಿಲ್ಲ

1956ರ ನವೆಂಬರ್ 1ರ ತನಕ ದಕ್ಷಿಣ ಕನ್ನಡ ಮದ್ರಾಸಿನ ಆಡಳಿತಕ್ಕೆ ಸೇರಿತ್ತು. ಉತ್ತರ ಕನ್ನಡ ಮುಂಬಯಿಗೆ ಸೇರಿತ್ತು. ಹಳೆಯ ಮೈಸೂರು ಸಂಸ್ಥಾನಕ್ಕೆ ಕಡಲೇ ಇರಲಿಲ್ಲ. ಭಟ್ಕಳದಲ್ಲಿ ಬಂದರು ಬೇಕೆಂಬ ಆಸೆ ಮಾತ್ರ ಇತ್ತು. ರಾಜ್ಯಗಳ ಪುನರ್ವಿಂಗಡಣೆಯಾದಾಗ ಕಾರವಾರದಿಂದ ಉಳ್ಳಾಲದಾಚೆಯ ತನಕದ ಕರಾವಳಿ ಒಟ್ಟಿಗೆ ಮೈಸೂರು ರಾಜ್ಯದ ಪಾಲಿಗೆ ಬಂತು. ಆದರೆ ಇಷ್ಟುದ್ದದ ಕಡಲ ದಂಡೆಯಲ್ಲಿ ಹನ್ನೆರಡು ತಿಂಗಳೂ ದೊಡ್ಡ ಹಡಗು ಬಂದು ಕಟ್ಟೆಗೆ ತಾಗಿ ನಿಲ್ಲುವ ಒಂದು ಬಂದರೂ ಇರಲಿಲ್ಲ. ಮಂಗಳೂರಿಗೆ ರೈಲು 1907ರಲ್ಲೇ ಬಂದಿತ್ತು ನಿಜ, ಆದರೆ ಅದು ಕೇರಳದ ಕಡೆಯಿಂದ ಬಂದ ರೈಲು. ಬೆಂಗಳೂರಿನ ಸರಕು ರೈಲಿನಲ್ಲಿ ಮಂಗಳೂರಿಗೆ ಬರಬೇಕಾದರೆ ಪಾಲಕ್ಕಾಡು ಸುತ್ತಿ ಬರಬೇಕು. ಇದು ಮೂಗು ಹಿಡಿಯಲು ತಲೆಯ ಹಿಂದಿನಿಂದ ಕೈ ತಂದ ಹಾಗೆ.

ಇಲ್ಲಿ ಉಳ್ಳಾಲ ಶ್ರೀನಿವಾಸ ಮಲ್ಯರನ್ನು ನೆನೆಯಲೇಬೇಕು. 1952ರಿಂದ ಕೊನೆಯುಸಿರಿನ ತನಕ ಲೋಕಸಭೆಯ ಸದಸ್ಯರಾಗಿದ್ದ ಮಲ್ಯರು ಮಾತು ಕಡಿಮೆ, ಕೆಲಸ ಹೆಚ್ಚು ಎಂಬ ಜಾತಿಯವರು. ಬಜ್ಪೆಯ ವಿಮಾನ ನಿಲ್ದಾಣ, ಸುರತ್ಕಲ್ಲಿನ ಇಂಜಿನಿಯರಿಂಗ್ ಕಾಲೇಜು, ಕರಾವಳಿಯ ಹೆದ್ದಾರಿ, ಪಣಂಬೂರಿನ ಬಂದರು – ಈ ನಾಲ್ಕರ ಹಿಂದೆಯೂ ಅವರ ಓಡಾಟ ಇದೆ ಎಂದು ಜಿಲ್ಲೆಯ ಜನ ಇವತ್ತಿಗೂ ನೆನೆಯುತ್ತಾರೆ. ಮಂಗಳೂರಿನಲ್ಲೂ ತೂತ್ತುಕುಡಿಯಲ್ಲೂ ಸರ್ವಋತು ಬಂದರು ಕಟ್ಟುವ ಕೆಲಸ ಮೂರನೇ ಪಂಚವಾರ್ಷಿಕ ಯೋಜನೆಯ ಕಾಲದಲ್ಲಿ ಕೈಗೂಡಿತು. 1962ರಲ್ಲಿ ‘ಮಂಗಳೂರು ಹಾರ್ಬರ್ ಪ್ರಾಜೆಕ್ಟ್’ ಶುರುವಾಯಿತು. ಮಲ್ಯರು 1965ರ ಡಿಸೆಂಬರಿನಲ್ಲಿ ತೀರಿಕೊಂಡರು. ತಾವು ಹಂಬಲಿಸಿದ ಬಂದರಿಗೆ ಹಡಗು ಬರುವುದನ್ನು ಅವರು ನೋಡಲಿಲ್ಲ.

ನೆಲ ಅಗೆದು ಕಡಲನ್ನು ಒಳಗೆ ಕರೆದದ್ದು

ಸಾಮಾನ್ಯವಾಗಿ ಬಂದರು ಅಂದರೆ ಕೊಲ್ಲಿ ಇರಬೇಕು, ಇಲ್ಲವೇ ಹೊಳೆಯ ಬಾಯಿ ಇರಬೇಕು, ಇಲ್ಲವೇ ಕಾರವಾರದ ಹಾಗೆ ಗುಡ್ಡ-ದ್ವೀಪಗಳ ಆಸರೆ ಇರಬೇಕು. ಪಣಂಬೂರಿನಲ್ಲಿ ಇದು ಯಾವುದೂ ಇರಲಿಲ್ಲ. ಇದ್ದದ್ದು ಗೆರೆ ಎಳೆದ ಹಾಗೆ ನೆಟ್ಟಗಿನ ಮರಳು ದಂಡೆ. ಅದರ ಹಿಂದೆ ತಗ್ಗು ನೆಲ, ಗದ್ದೆ, ತೆಂಗು, ಮನೆಗಳು. ಇಂಜಿನಿಯರುಗಳು ಅಳಿವೆಯ ಜಗಳವೇ ಬೇಡವೆಂದು ಅದರ ಉತ್ತರಕ್ಕೆ ಈ ಜಾಗ ಆರಿಸಿದರು. ದಂಡೆಯ ಹಿಂದಿನ ನೆಲವನ್ನೇ ಅಗೆದು ಒಂದು ದೊಡ್ಡ ಕೆರೆಯಂತೆ ಮಾಡಿ, ದಂಡೆಯನ್ನು ಕಡಿದು, ಕಡಲಿನ ಒಳಗೆ ಉದ್ದಕ್ಕೆ ಕಾಲುವೆ ತೋಡಿ, ಕಡಲನ್ನೇ ಒಳಗೆ ಕರೆದರು. ಇದಕ್ಕೆ ‘ಲಗೂನ್’ ಮಾದರಿ ಎನ್ನುತ್ತಾರೆ. ಪ್ರಕೃತಿ ಕೊಟ್ಟ ಬಂದರಲ್ಲ. ಪೂರ್ತಿ ಮನುಷ್ಯ ತೋಡಿದ ಬಂದರು.

ಕಾಲುವೆಯ ಬಾಯಿಯ ಎರಡು ಬದಿಗೆ ಕಲ್ಲು ಸುರಿದು ಕಡಲಿನ ಒಳಗೆ ಚಾಚಿದ ಎರಡು ಅಲೆತಡೆ ಗೋಡೆಗಳನ್ನು ಕಟ್ಟಲಾಯಿತು. ಒಂದೊಂದರ ಉದ್ದ 770 ಮೀಟರ್. ಮಳೆಗಾಲದ ಅಲೆಯನ್ನು ತಡೆಯುವುದು, ದಂಡೆಯ ಉದ್ದಕ್ಕೂ ಸರಿಯುವ ಮರಳು ಬಾಯಿಗೆ ಬೀಳದಂತೆ ನೋಡುವುದು ಇವುಗಳ ಕೆಲಸ. ಹಡಗು ಒಳಬರುವ ಕಾಲುವೆ ಕಡಲಿನ ಅಡಿಯಲ್ಲಿ ಸುಮಾರು 7.5 ಕಿಲೋಮೀಟರ್ ಉದ್ದಕ್ಕೆ ಹೋಗುತ್ತದೆ. ಮೇಲಿನಿಂದ ನೋಡಿದರೆ ನೀರೆಲ್ಲ ಒಂದೇ. ಆದರೆ ಹಡಗಿನವರಿಗೆ ಅಲ್ಲಿ ರಸ್ತೆ ಉಂಟು, ರಸ್ತೆಯ ಅಂಚೂ ಉಂಟು.

ಅಗೆಯಬೇಕಾದ ನೆಲದ ಮೇಲೆ ಜನ ಇದ್ದರು. ಪಣಂಬೂರು, ಬೈಕಂಪಾಡಿ ಕಡೆಯ ಮನೆಗಳು ಒಕ್ಕಲೆದ್ದವು. ಅವರಿಗೆ ಸುರತ್ಕಲ್ಲಿನ ಒಳಗಡೆ ಕಾಟಿಪಳ್ಳ ಮತ್ತು ಕೃಷ್ಣಾಪುರದಲ್ಲಿ ಜಾಗ ಕೊಡಲಾಯಿತು. ಇವತ್ತು ಆ ಕಡೆ ಬಸ್ಸಿನಲ್ಲಿ ಹೋದರೆ ನಿರ್ವಾಹಕ ‘ಮೂರನೇ ಬ್ಲಾಕ್’, ‘ಏಳನೇ ಬ್ಲಾಕ್’ ಎಂದು ಕೂಗುವುದನ್ನು ಕೇಳಬಹುದು. ನಮ್ಮ ಕಡೆ ಸ್ಥಳಗಳಿಗೆ ಪದವು, ಬೈಲು, ಗುತ್ತು, ಬೆಟ್ಟು ಅಂತ ಹೆಸರಿರುವುದು ಕ್ರಮ. ನೆಲದ ಗುಣ, ನೀರಿನ ಜಾಡು, ಮನೆತನದ ಗುರುತು ಎಲ್ಲ ಹೆಸರಿನಲ್ಲೇ ಇರುತ್ತದೆ. ಸಂಖ್ಯೆಯ ಹೆಸರು ಇರುವ ಊರು ಕಂಡರೆ ಅಲ್ಲಿಗೆ ಜನರನ್ನು ಯಾರೋ ತಂದು ಕೂರಿಸಿದ್ದಾರೆ ಅಂತ ತಿಳಿಯಬೇಕು. ಗದ್ದೆ ಬೇಸಾಯದವರು, ಕಡಲಿಗೆ ಇಳಿಯುವವರು ಇಬ್ಬರೂ ಬ್ಲಾಕಿನವರಾದರು. ಕಡಲಿನ ಸದ್ದು ಕೇಳದ ಜಾಗದಲ್ಲಿ ಮೊದಲ ರಾತ್ರಿ ನಿದ್ದೆ ಬರಲಿಲ್ಲ ಅಂತ ನಮ್ಮ ಆ ಹಿರಿಯ ಸದಸ್ಯರ ತಾಯಿ ಹೇಳುತ್ತಿದ್ದರಂತೆ.

1974ರ ಮೇ 4ರಂದು ಇದನ್ನು ದೇಶದ ಒಂಬತ್ತನೆಯ ಪ್ರಮುಖ ಬಂದರು ಎಂದು ಘೋಷಿಸಲಾಯಿತು. 1975ರ ಜನವರಿ 11ರಂದು ಪ್ರಧಾನಿ ಇಂದಿರಾ ಗಾಂಧಿಯವರು ಉದ್ಘಾಟಿಸಿದರು. 1980ರ ಏಪ್ರಿಲ್ 1ರಿಂದ ಪೋರ್ಟ್ ಟ್ರಸ್ಟ್ ಆಯಿತು. 2021ರ ಹೊಸ ಕಾನೂನಿನ ನಂತರ ಅದರ ಹೆಸರು ನವಮಂಗಳೂರು ಬಂದರು ಪ್ರಾಧಿಕಾರ.

ಒಂದು ಮೀಟರಿನ ಲೆಕ್ಕ

ಬಂದರು ಕಟ್ಟಿ ಮುಗಿಯಿತು, ಇನ್ನು ಹಡಗು ಬಂದು ಹೋಗುವುದೊಂದೇ ಕೆಲಸ ಅಂತ ನಾವು ತಿಳಿಯುತ್ತೇವೆ. ಹಾಗಲ್ಲ. ಬಂದರು ಅಂದರೆ ಕಟ್ಟಿ ಮುಗಿಯದ ಮನೆ. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳಬೇಕು.

ಹಡಗು ನೀರಿನ ಮೇಲೆ ತೇಲುತ್ತದೆ ಅನ್ನುತ್ತೇವೆ. ನಿಜವಾಗಿ ಅದರ ಒಂದು ಪಾಲು ನೀರಿನ ಒಳಗಿರುತ್ತದೆ. ಎಷ್ಟು ಆಳಕ್ಕೆ ಮುಳುಗಿದೆ ಎಂಬುದನ್ನು ‘ಡ್ರಾಫ್ಟ್’ ಎನ್ನುತ್ತಾರೆ. ಸರಕು ತುಂಬಿದಷ್ಟೂ ಹಡಗು ಕೆಳಗಿಳಿಯುತ್ತದೆ. ತಳ ಮಣ್ಣಿಗೆ ತಾಗದ ಹಾಗೆ ಕೆಳಗೆ ಸ್ವಲ್ಪ ನೀರು ಉಳಿಯಲೇಬೇಕು. ಅಲೆ ಇರುವ ಕಾಲುವೆಯಲ್ಲಿ ಹಡಗು ಏರಿಳಿಯುವುದರಿಂದ ಇನ್ನೂ ಹೆಚ್ಚು ಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಹಡಗಿನ ಕಪ್ತಾನನಿಗೆ ನಿತ್ಯದ ನಿಯಮ.

ಈಗ ಲೆಕ್ಕ ನೋಡುವಾ. ಅದಿರು, ಕಲ್ಲಿದ್ದಲು, ಗೊಬ್ಬರ ಸಾಗಿಸುವ ಮಧ್ಯಮ ತರದ ಒಂದು ಹಡಗು 225 ಮೀಟರ್ ಉದ್ದ, 32 ಮೀಟರ್ ಅಗಲ ಇದೆ ಅಂತ ಇಟ್ಟುಕೊಳ್ಳಿ. ಅದು ಒಂದು ಸೆಂಟಿಮೀಟರ್ ಕೆಳಗಿಳಿಯಬೇಕಾದರೆ ಸುಮಾರು 65 ಟನ್ ಸರಕು ತುಂಬಬೇಕು. ಒಂದು ಮೀಟರಿಗೆ ಸುಮಾರು 6,500 ಟನ್. ಹತ್ತು ಟನ್ನಿನ ಲಾರಿಯಲ್ಲಿ ಹೇಳುವುದಾದರೆ 650 ಲಾರಿ. ಕಾಲುವೆಯಲ್ಲಿ ಒಂದು ಮೀಟರ್ ಆಳ ಕಡಿಮೆ ಇದ್ದರೆ ಹಡಗು 650 ಲಾರಿ ಸರಕನ್ನು ಬಿಟ್ಟು ಬರಬೇಕು. ಆದರೆ ಹಡಗಿನ ಬಾಡಿಗೆ, ಎಣ್ಣೆ, ಸಿಬ್ಬಂದಿಯ ಸಂಬಳ ಇವೆಲ್ಲ ಅಷ್ಟೇನೂ ಕಡಿಮೆಯಾಗುವುದಿಲ್ಲ. ಆ ಖರ್ಚು ಉಳಿದ ಪ್ರತಿ ಟನ್ನಿನ ಮೇಲೆ ಬೀಳುತ್ತದೆ. ಕೊನೆಗೆ ಚೀಲದ ಮೇಲೆ ಬೀಳುತ್ತದೆ, ಅಂದರೆ ನಮ್ಮ ಗೋದಾಮಿನ ರಶೀದಿಯ ಮೇಲೆ. ಬಂದರು ಆಳ ಮಾಡುವುದು ಯಾಕೆ ಎಂಬ ಪ್ರಶ್ನೆಗೆ ಉತ್ತರ ಈ ಒಂದು ಮೀಟರಿನಲ್ಲಿ ಉಂಟು.

ಆಳ ಒಮ್ಮೆ ಮಾಡಿದರೆ ಉಳಿಯುವುದೂ ಇಲ್ಲ. ಪ್ರತಿ ಮಳೆಗಾಲದಲ್ಲಿ ಕಡಲು ಕದಡಿ ಕಾಲುವೆಗೆ ಹೂಳು ತುಂಬಿಸುತ್ತದೆ. ಮಳೆ ಬಿಟ್ಟ ಮೇಲೆ ಹೂಳೆತ್ತುವ ಹಡಗು ಬಂದು ಲಕ್ಷಗಟ್ಟಲೆ ಘನ ಮೀಟರ್ ಕೆಸರು ತೆಗೆದು ದೂರದ ಕಡಲಿಗೆ ಒಯ್ದು ಸುರಿಯಬೇಕು. ನಾವು ವರ್ಷವರ್ಷ ತೋಟದ ಕಣಿ ಬಿಡಿಸುವ ಹಾಗೆಯೇ ಇದು. ಬಿಡಿಸದಿದ್ದರೆ ತೋಟ ಹಾಳು.

ಒಂದೇ ಗಿರಾಕಿಯನ್ನು ನಂಬಿದ ಕತೆ

ಮೊದಲ ದಿನಗಳಲ್ಲಿ ಪಣಂಬೂರಿನ ವ್ಯವಹಾರ ವರ್ಷಕ್ಕೆ ಲಕ್ಷ ಟನ್ನಿನ ಲೆಕ್ಕದಲ್ಲಿತ್ತು. ಬಂದರನ್ನು ಹಿಗ್ಗಿಸಿದ ಮೊದಲ ದೊಡ್ಡ ಸರಕು ಕುದುರೆಮುಖದ ಕಬ್ಬಿಣದ ಅದಿರು. 1975ರಲ್ಲಿ ಇರಾನಿನ ಜೊತೆ ಒಪ್ಪಂದವಾಯಿತು. ಇರಾನ್ 63 ಕೋಟಿ ಡಾಲರ್ ಸಾಲ ಕೊಡುವುದು, ಕುದುರೆಮುಖದಿಂದ ಅದಿರು ಕೊಳ್ಳುವುದು. 1976ರಲ್ಲಿ ಕಂಪೆನಿ ಸ್ಥಾಪನೆಯಾಯಿತು. ಘಟ್ಟದ ಮೇಲೆ ಅದಿರನ್ನು ಪುಡಿ ಮಾಡಿ, ನೀರಿನಲ್ಲಿ ಕಲಸಿ, 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಪಣಂಬೂರಿಗೆ ಹರಿಸುವ ವ್ಯವಸ್ಥೆ. ಲಾರಿಯೂ ಬೇಡ, ರೈಲೂ ಬೇಡ. ಈ ಅದಿರು ಒಯ್ಯಲು ಸುಮಾರು 60,000 ಟನ್ನಿನ ಹಡಗು ಬರಬೇಕೆಂದು ಬಂದರಿನಲ್ಲಿ ಪ್ರತ್ಯೇಕ ಆಳದ ಧಕ್ಕೆ ಕಟ್ಟಿ, ಕಾಲುವೆಯನ್ನೂ ಆಳ ಮಾಡಿದರು.

ಎಲ್ಲ ಸಿದ್ಧವಾಗುವಷ್ಟರಲ್ಲಿ 1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಯಿತು. ಷಾ ದೊರೆ ದೇಶ ಬಿಟ್ಟ. ಹೊಸ ಸರ್ಕಾರಕ್ಕೆ ಅದಿರು ಬೇಡವಾಯಿತು. ಅಡುಗೆ ಆಗಿದೆ, ಬಾಳೆಲೆ ಹಾಕಿದೆ, ದಿಬ್ಬಣ ಬರಲಿಲ್ಲ ಎಂಬ ಪರಿಸ್ಥಿತಿ! ಬೇರೆ ದೇಶಗಳ ಗಿರಾಕಿಗಳನ್ನು ಹುಡುಕಬೇಕಾಯಿತು. ಅದಿರಿನ ಪುಡಿಯನ್ನು ಉಂಡೆ ಕಟ್ಟುವ ಕಾರ್ಖಾನೆ 1987ರಲ್ಲಿ ಪಣಂಬೂರಿನಲ್ಲಿ ಶುರುವಾಯಿತು. ಹಾಗೂ ಹೀಗೂ ವ್ಯವಹಾರ ಕುದುರಿ ಬಂದರಿಗೆ ಕುದುರೆಮುಖವೇ ಬೆನ್ನೆಲುಬಾಯಿತು.

ಬೆನ್ನೆಲುಬು ಒಂದೇ ಇದ್ದರೆ ಪೆಟ್ಟು ಬಿದ್ದಾಗ ತಿಳಿಯುತ್ತದೆ. ಭದ್ರಾ ನದಿಯ ನೀರು, ಕುದುರೆಮುಖದ ಕಾಡು ಹಾಳಾಗುತ್ತಿದೆ ಎಂಬ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2002ರಲ್ಲಿ ಕೊಟ್ಟ ತೀರ್ಪಿನಂತೆ 2005ರ ಡಿಸೆಂಬರ್ 31ಕ್ಕೆ ಗಣಿ ನಿಂತಿತು. ಕಾಡಿನ ದೃಷ್ಟಿಯಿಂದ ಅದು ಆಗಬೇಕಾದ್ದೇ ಎಂದು ನಮ್ಮ ಅಭಿಪ್ರಾಯ. ಆದರೆ ಬಂದರಿನ ಒಂದು ಧಕ್ಕೆಗೆ ಸರಕಿಲ್ಲದೆ ಹೋಯಿತು. ಆಮೇಲೆ ಬಳ್ಳಾರಿಯ ಅದಿರು ಬಂತು. 2010ರ ಜುಲೈಯಲ್ಲಿ ರಾಜ್ಯ ಸರ್ಕಾರ ಅದಿರು ರಫ್ತನ್ನು ನಿಷೇಧಿಸಿದಾಗ ಅದೂ ನಿಂತಿತು. ಆ ಬಾಗಿಲು ಮತ್ತೆ ತೆರೆಯಲು 2022ರ ಮೇ ತಿಂಗಳಿನ ಸುಪ್ರೀಂ ಕೋರ್ಟಿನ ಆದೇಶ ಬೇಕಾಯಿತು.

ನಮ್ಮಂಥ ಸಂಘಗಳಿಗೂ ಇದರಲ್ಲಿ ಪಾಠ ಇದೆ. ಒಬ್ಬನೇ ದೊಡ್ಡ ಸಾಲಗಾರನನ್ನು ನಂಬಿದ ಸಂಘ, ಒಂದೇ ಗಿರಾಕಿಯನ್ನು ನಂಬಿದ ಬಂದರು ಎರಡರ ನಿದ್ದೆಯೂ ಒಂದೇ ತರ.

ಎಣ್ಣೆಯ ಕಾಲ

ಬಂದರನ್ನು ಮುಳುಗದಂತೆ ಹಿಡಿದದ್ದು ಎಣ್ಣೆ. ಸುರತ್ಕಲ್ಲಿನ ಬಳಿ ಎಂ.ಆರ್.ಪಿ.ಎಲ್. ಸಂಸ್ಕರಣಾಗಾರ 1996ರಲ್ಲಿ ಉತ್ಪಾದನೆಗೆ ಇಳಿಯಿತು. ಕಚ್ಚಾ ಎಣ್ಣೆ ಹಡಗಿನಲ್ಲಿ ಬರಬೇಕು. ಶುದ್ಧವಾದ ಎಣ್ಣೆಯಲ್ಲಿ ದೊಡ್ಡ ಪಾಲು ಹಡಗಿನಲ್ಲೇ ಹೋಗಬೇಕು. ಹಾಗಾಗಿ ಮತ್ತೆ ಕಾಲುವೆ ಆಳವಾಯಿತು, ಎಣ್ಣೆಯ ಜೆಟ್ಟಿಗಳು ಬಂದವು. ಇವತ್ತು ಆಳದ ಧಕ್ಕೆಗಳಲ್ಲಿ 14 ಮೀಟರ್ ತನಕ ಮುಳುಗಿದ ಹಡಗು ನಿಲ್ಲಬಹುದು. ಅಡುಗೆ ಅನಿಲ ಇಳಿಯುವುದೂ ಇಲ್ಲಿಯೇ. ಪಡುಬಿದ್ರಿ ಬಳಿಯ ವಿದ್ಯುತ್ ಸ್ಥಾವರಕ್ಕೆ ಕಲ್ಲಿದ್ದಲು ಬರುವುದೂ ಇದೇ ಬಂದರಿಗೆ. 2023-24ರಲ್ಲಿ ಬಂದರಿನ ಒಟ್ಟು ವ್ಯವಹಾರ ನಾಲ್ಕೂವರೆ ಕೋಟಿ ಟನ್ನು ಮೀರಿತು.

ಆದರೆ 14 ಮೀಟರ್ ಕೂಡ ಸಾಲದ ಹಡಗುಗಳಿವೆ. ಮೂರು ಲಕ್ಷ ಟನ್ ಕಚ್ಚಾ ಎಣ್ಣೆ ತುಂಬಿದ ದೈತ್ಯ ಹಡಗಿಗೆ 20 ಮೀಟರಿಗಿಂತ ಹೆಚ್ಚು ನೀರು ಬೇಕು. ಅದಕ್ಕೆ ಲಗೂನನ್ನು ಆಳ ಮಾಡಲು ಹೊರಟರೆ ಕೊನೆ ಮೊದಲಿಲ್ಲ. ಇಲ್ಲಿ ಒಂದು ಬುದ್ಧಿವಂತಿಕೆಯ ಕೆಲಸ ನಡೆಯಿತು. 2010ರ ದಶಕದಲ್ಲಿ ದಡದಿಂದ ಕಿಲೋಮೀಟರುಗಟ್ಟಲೆ ದೂರ, ಸಹಜವಾಗಿ ಆಳವಿರುವ ಕಡಲಿನಲ್ಲಿ ತೇಲುವ ಬುರುಡೆಯೊಂದನ್ನು ಲಂಗರು ಹಾಕಿ ನಿಲ್ಲಿಸಿದರು. ದೈತ್ಯ ಹಡಗು ಅಲ್ಲಿಗೇ ಬಂದು ಕಟ್ಟಿಕೊಳ್ಳುತ್ತದೆ. ಕಡಲಡಿಯ ಕೊಳವೆಯಲ್ಲಿ ಎಣ್ಣೆ ದಡಕ್ಕೆ ಬರುತ್ತದೆ. ಪೆರ್ಮುದೆಯಲ್ಲಿ ಬಂಡೆ ಕೊರೆದು ಮಾಡಿದ 15 ಲಕ್ಷ ಟನ್ನಿನ, ಪಾದೂರಿನಲ್ಲಿ ಮಾಡಿದ 25 ಲಕ್ಷ ಟನ್ನಿನ ದೇಶದ ತುರ್ತು ಎಣ್ಣೆ ಸಂಗ್ರಹಗಳಿಗೂ ಕಡಲಿನಿಂದಲೇ ಎಣ್ಣೆ ಬರಬೇಕು. ಅಳಿವೆಯ ಹೊರಗೆ ಹಡಗು ನಿಲ್ಲಿಸಿ ದೋಣಿಯಲ್ಲಿ ಸರಕು ತರುತ್ತಿದ್ದ ಹಿರಿಯರ ಕ್ರಮವೇ ಹೊಸ ರೂಪದಲ್ಲಿ ತಿರುಗಿ ಬಂತು ಅಂತ ನಮಗೆ ಅನಿಸಿತು. ಎಲ್ಲದಕ್ಕೂ ನೆಲ ಅಗೆಯುವುದೇ ಉತ್ತರ ಅಲ್ಲ.

ಪೆಟ್ಟಿಗೆಯ ಹಡಗು ಮತ್ತು ಘಟ್ಟದ ಗೋಡೆ

ಈಗಿನ ಮಾತು ಕಂಟೇನರಿನದು. ಕಾಫಿ, ಗೇರು ತಿರುಳು, ಶೀತಲೀಕರಿಸಿದ ಮೀನು ಎಲ್ಲ ಕಬ್ಬಿಣದ ಪೆಟ್ಟಿಗೆಯಲ್ಲಿ ಹೋಗುತ್ತವೆ. 14ನೇ ಧಕ್ಕೆಯನ್ನು ಯಂತ್ರೀಕರಿಸಿ ಕಂಟೇನರಿಗೆ ಸಜ್ಜು ಮಾಡಿದ 280 ಕೋಟಿ ರೂಪಾಯಿಗಳ ಯೋಜನೆಯನ್ನು 2022ರ ಸೆಪ್ಟೆಂಬರ್ 2ರಂದು ಪ್ರಧಾನಿ ನರೇಂದ್ರ ಮೋದಿಯವರು ಉದ್ಘಾಟಿಸಿದರು. ಒಳ್ಳೆಯ ಕೆಲಸ. ಆದರೆ ಪೆಟ್ಟಿಗೆಯ ವ್ಯಾಪಾರಕ್ಕೆ ಬೇರೆಯೇ ನಿಯಮ. ಅದಿರಿನ ಹಡಗು ಅದಿರು ಇದ್ದಲ್ಲಿಗೆ ಬರುತ್ತದೆ. ಪೆಟ್ಟಿಗೆಯ ಹಡಗು ಮಾತ್ರ ಲೈನ್ ಬಸ್ಸಿನ ಹಾಗೆ: ವೇಳಾಪಟ್ಟಿ ಉಂಟು, ನಿಲ್ದಾಣ ಉಂಟು. ನಾಲ್ಕು ಪ್ರಯಾಣಿಕರಿರುವ ಕೈಕಂಬದಲ್ಲಿ ಎಕ್ಸ್‌ಪ್ರೆಸ್ ಬಸ್ಸು ನಿಲ್ಲುವುದಿಲ್ಲ. ಸಣ್ಣ ಬಸ್ಸು ಹತ್ತಿ ದೊಡ್ಡ ನಿಲ್ದಾಣಕ್ಕೆ ಹೋಗಬೇಕು. ನಮ್ಮ ಕಾಫಿಯ ಪೆಟ್ಟಿಗೆಗಳೂ ಹಾಗೆಯೇ ಸಣ್ಣ ಹಡಗಿನಲ್ಲಿ ಕೊಲಂಬೋದಂಥ ದೊಡ್ಡ ಬಂದರಿಗೆ ಹೋಗಿ ಅಲ್ಲಿ ದೊಡ್ಡ ಹಡಗಿಗೆ ಬದಲಾಗಬೇಕಾಗುತ್ತದೆ.

ಕೇರಳದ ವಿಳಿಂಜಂನಲ್ಲಿ 2024ರಲ್ಲಿ ಹೊಸ ಬಂದರು ಕೆಲಸ ಶುರುಮಾಡಿತು. ಅಲ್ಲಿ ದಡದ ಹತ್ತಿರವೇ ಸಹಜವಾದ ಆಳ ಇದೆ. 2025ರ ಜೂನ್‌ನಲ್ಲಿ ಜಗತ್ತಿನ ಅತಿ ದೊಡ್ಡ ಕಂಟೇನರ್ ಹಡಗುಗಳಲ್ಲಿ ಒಂದಾದ, 400 ಮೀಟರ್ ಉದ್ದದ ಎಂ.ಎಸ್.ಸಿ. ಐರಿನಾ ಅಲ್ಲಿಗೆ ಬಂತು. ಪಣಂಬೂರಿಗೂ ಅಂಥ ಹಡಗು ಬರಲಿ ಎಂಬ ಮಾತು ಚಹಾದಂಗಡಿಯಲ್ಲಿ ನಡೆಯುತ್ತದೆ. ಆಸೆ ತಪ್ಪಲ್ಲ. ಆದರೆ ನಮ್ಮ ತೊಡಕು ನೀರಿನಲ್ಲಿ ಇರುವುದಕ್ಕಿಂತ ಹೆಚ್ಚು ಘಟ್ಟದಲ್ಲಿದೆ.

ಹಾಸನ–ಮಂಗಳೂರು ರೈಲು ಬಂದರಿಗಾಗಿಯೇ ಬೇಕಾಗಿದ್ದ ರೈಲು. ಅದು ಬಂದದ್ದು 1979ರಲ್ಲಿ, ಬಂದರು ಉದ್ಘಾಟನೆಯಾಗಿ ನಾಲ್ಕು ವರ್ಷದ ಮೇಲೆ. ಅದೂ ಮೀಟರ್ ಗೇಜ್. 1996ರಲ್ಲಿ ಗೇಜ್ ಬದಲಾವಣೆಗೆ ಮುಚ್ಚಿದ ಹಳಿ ಸರಕಿಗೆ ಮತ್ತೆ ತೆರೆದದ್ದು 2006ರಲ್ಲಿ, ಪ್ರಯಾಣಿಕರಿಗೆ 2007ರ ಡಿಸೆಂಬರಿನಲ್ಲಿ. ಹತ್ತು ವರ್ಷ ಬಂದರಿಗೆ ಘಟ್ಟದ ಮೇಲಿನ ರೈಲೇ ಇರಲಿಲ್ಲ! ಸಕಲೇಶಪುರದಿಂದ ಸುಬ್ರಹ್ಮಣ್ಯದ ತನಕದ ಸುಮಾರು 55 ಕಿಲೋಮೀಟರಿನಲ್ಲಿ 57 ಸುರಂಗಗಳು. ಪ್ರತಿ 50 ಮೀಟರಿಗೆ ಒಂದು ಮೀಟರ್ ಏರು. ಭಾರದ ಗಾಡಿಗೆ ಹಿಂದಿನಿಂದಲೂ ಇಂಜಿನ್ ಕೊಟ್ಟು ದೂಡಬೇಕು. ಶಿರಾಡಿಯ ರಸ್ತೆಯ ಕತೆ ಮಳೆಗಾಲದಲ್ಲಿ ಬೆಂಗಳೂರಿಗೆ ಹೋಗಿ ಬಂದವರಿಗೆ ಹೇಳಬೇಕಾಗಿಲ್ಲ. ಕಡಲ ಕಡೆ ಎಷ್ಟೇ ಮೀಟರ್ ಆಳ ಮಾಡಿದರೂ ಘಟ್ಟದ ಕಡೆ ದಾರಿ ಅಗಲವಾಗದಿದ್ದರೆ ಸರಕು ಚೆನ್ನೈಗೋ ಬೇರೆ ಕಡೆಗೋ ಇಳಿದು ಹೋಗುತ್ತದೆ. ಬಾವಿ ತೋಡಿದರೆ ಸಾಕೇ? ಹಗ್ಗ, ಕೊಡಪಾನವೂ ಬೇಡವೇ?

ಜಮಾ ಮತ್ತು ಖರ್ಚು

ನಾವು ಸಹಕಾರಿಗಳು. ಎರಡು ಕಾಲಂ ಇಲ್ಲದ ಲೆಕ್ಕವನ್ನು ನಾವು ಒಪ್ಪುವವರಲ್ಲ. ಪಣಂಬೂರಿನ ಜಮಾ ಕಾಲಂ ದೊಡ್ಡದು. ಬಂದರು ಇಲ್ಲದಿದ್ದರೆ ರಸಗೊಬ್ಬರದ ಕಾರ್ಖಾನೆ ಇಲ್ಲಿಗೆ ಬರುತ್ತಿರಲಿಲ್ಲ, ಎಣ್ಣೆಯ ಕಾರ್ಖಾನೆ ಬರುತ್ತಿರಲಿಲ್ಲ, ಬೈಕಂಪಾಡಿ ಕೈಗಾರಿಕಾ ಪ್ರದೇಶ ಈ ರೀತಿ ಬೆಳೆಯುತ್ತಿರಲಿಲ್ಲ. ನಮ್ಮ ಗ್ರಾಮದ ಎಷ್ಟು ಮನೆಯ ಮಕ್ಕಳು ಆ ಕಡೆಯ ಸಂಬಳದಿಂದ ಮಾಡು ಹೊದೆಸಿದ್ದಾರೆ, ತಂಗಿಯರ ಮದುವೆ ಮಾಡಿದ್ದಾರೆ ಎಂಬುದು ನಮ್ಮ ಠೇವಣಿ ಪುಸ್ತಕಕ್ಕೇ ಗೊತ್ತು. ಹಿಂದೆ ಮಳೆಗಾಲದಲ್ಲಿ ಬಾಗಿಲು ಹಾಕುತ್ತಿದ್ದ ಕಡಲ ವ್ಯಾಪಾರ ಇಂದು ಹನ್ನೆರಡು ತಿಂಗಳೂ ನಡೆಯುತ್ತದೆ. ಇದು ಸಣ್ಣ ಸಂಗತಿಯಲ್ಲ.

ಖರ್ಚಿನ ಕಾಲಂ ಬರೆಯುವಾಗ ಮಾತ್ರ ಕೈ ಬಿಗಿಯಾಗುತ್ತದೆ. ಹೂಳೆತ್ತಿದ ಖರ್ಚು, ಕಲ್ಲು ಹಾಕಿದ ಖರ್ಚು ಬರೆಯುತ್ತಾರೆ. ಬಾವಿ, ಬನ, ತೆಂಗಿನ ಸಾಲು, ನೆರೆಕರೆ ಎಂಬ ಬಾಬ್ತುಗಳಿಗೆ ಕಾಲಂ ಇಲ್ಲ. ಮೊಗವೀರ ಬಂಧುಗಳು ದೋಣಿ ಎಳೆದು ಹಾಕುತ್ತಿದ್ದ ದಂಡೆ ಬಂದರಾಯಿತು. ಕುಳಾಯಿಯಲ್ಲಿ ಮೀನುಗಾರಿಕಾ ಬಂದರಿಗೆ ಪ್ರಧಾನಿಯವರಿಂದ ಶಂಕುಸ್ಥಾಪನೆಯಾದದ್ದು 2022ರಲ್ಲಿ. ಹಡಗಿಗೆ ಜಾಗ ಬಿಟ್ಟುಕೊಟ್ಟ ಕಡಲ ದಂಡೆಯ ಜನ ದೋಣಿಯ ಜಾಗಕ್ಕಾಗಿ ಕಾದ ವರ್ಷಗಳನ್ನು ಓದುಗರೇ ಎಣಿಸಿ ನೋಡಲಿ.

ಬಂದರು ಇನ್ನೂ ಹಿಗ್ಗುತ್ತದೆ. ಇನ್ನಷ್ಟು ಆಳ ಬೇಕೆನ್ನುತ್ತಾರೆ, ಇನ್ನಷ್ಟು ಉದ್ದದ ಧಕ್ಕೆ ಬೇಕೆನ್ನುತ್ತಾರೆ. ಹಿಗ್ಗಲಿ, ನಮಗೆ ಸಂತೋಷವೇ. ನಮ್ಮ ವಿನಂತಿ ಎರಡೇ. ಒಂದು, ಆಳ ಮಾಡುವ ಮೊದಲು ಸರಕು ಎಲ್ಲಿಂದ, ಯಾವ ದಾರಿಯಲ್ಲಿ, ಎಷ್ಟು ವರ್ಷ ಬರುತ್ತದೆ ಅಂತ ನೋಡಿಕೊಳ್ಳಲಿ. ಕುದುರೆಮುಖದ ಪಾಠ ಮರೆಯದಿರಲಿ. ಎರಡು, ನೆಲ ಬೇಕಾದಾಗ ನೆಲದ ಮೇಲಿನವರನ್ನು ಮೊದಲು ಕೂರಿಸಿ ಮಾತಾಡಲಿ. ಮಹಾಸಭೆ ಕರೆಯದೆ ನಮ್ಮ ಸಂಘ ಒಂದು ಕಪಾಟು ಕೂಡ ಕೊಳ್ಳುವುದಿಲ್ಲ. ಇಡೀ ಊರನ್ನು ಕೊಳ್ಳುವವರು ಅಷ್ಟಾದರೂ ಮಾಡಬೇಡವೇ?

ಈ ಲೇಖನ ಬರೆಯುವ ಮೊದಲು ನಾವು ಆ ಹಿರಿಯ ಸದಸ್ಯರನ್ನು ಕರೆದುಕೊಂಡು ಪಣಂಬೂರಿನ ಬೀಚಿಗೆ ಹೋಗಿದ್ದೆವು. ಸಂಜೆ ಹೊತ್ತು. ಮಕ್ಕಳು ಗಾಳಿಪಟ ಬಿಡುತ್ತಿದ್ದರು. ಅಲೆತಡೆಯ ಕಲ್ಲುಗೋಡೆಯ ಸಂದಿಯಿಂದ ದೊಡ್ಡದೊಂದು ಹಡಗು ಮೆಲ್ಲಗೆ ಒಳಗೆ ಹೋಗುತ್ತಿತ್ತು. ಅವರು ಕೈ ಹಣೆಗೆ ಹಿಡಿದು ಬಹಳ ಹೊತ್ತು ನೋಡಿದರು. ಬೈಯುತ್ತಾರೇನೋ ಅಂತ ನಾವು ಸುಮ್ಮನಿದ್ದೆವು. ಅವರು ಕೇಳಿದ್ದು ಇಷ್ಟೇ: “ಅದರಲ್ಲಿ ನಮ್ಮ ಪೊಟ್ಯಾಷ್ ಇರ್‍ಬಹುದಾ?”

ಇರಬಹುದು ಎಂದೆವು. “ಹಾಗಾದ್ರೆ ಬರ್ಲಿ,” ಅಂದರು.

ಇಷ್ಟು ದೊಡ್ಡ ಮನಸ್ಸಿನವರು ಸದಸ್ಯರಾಗಿರುವ ಸಂಘ ನಮ್ಮದು. ಇದು ಬೆಳ್ಳಿಹಬ್ಬದಿಂದ ಚಿನ್ನದ ಹಬ್ಬಕ್ಕೆ, ಅಲ್ಲಿಂದ ಶತಮಾನಕ್ಕೆ ಸಾಗಲಿ ಎಂದು ಹಾರೈಸುತ್ತಾ ನಮ್ಮ ಬರಹವನ್ನು ಮುಗಿಸುತ್ತೇವೆ.